ಕಲ್ಲು ತೆಗೆದಾಯಿತು, ಸ್ಟೆಂಟ್ ತೆಗೆಯುವುದು ಯಾವಾಗ?

ಮೂತ್ರಪಿಂಡದ ಕಲ್ಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಮೂತ್ರ ಸರಾಗವಾಗಿ ಹರಿಯಲೆಂದು ಒಳಗೆ ಬಿಟ್ಟಿರುವ ಕೊಳವೆಯನ್ನು, ಅಂದರೆ ಸ್ಟೆಂಟನ್ನು ತೆಗೆಸಿಕೊಳ್ಳಲು ಬಾರದವರ ವಿಷಯದಲ್ಲಿ ನನ್ನ ತಾಳ್ಮೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ. ನಮ್ಮ ಕೋಲಾರದ ಕಡೆಯವರು ಕಲ್ಲಿಗೆ ಕಾರಣವೆಂದು ಬೋರ್‌ವೆಲ್ ನೀರನ್ನೂ ಟೊಮೆಟೊವನ್ನೂ ದೂರುತ್ತ ಎಷ್ಟು ಹೊತ್ತಾದರೂ ಕೂರುತ್ತಾರೆ. ಸ್ಟೆಂಟಿನ ಮಾತೆತ್ತಿದರೆ ಬಸ್ಸಿಗೆ ಹೊತ್ತಾಯಿತೆಂದು ಏಳುತ್ತಾರೆ.

ಮೂತ್ರದ ದಾರಿಯಲ್ಲಿ ಹಾಕುವ ಕ್ಯಾಥೆಟರ್ ಮತ್ತು ಬೆನ್ನಿನಿಂದ ರಂಧ್ರ ಮಾಡಿ ಕಲ್ಲು ತೆಗೆದಾಗ ಅಲ್ಲಿಯೇ ಇಡುವ ನೆಫ್ರಾಸ್ಟಮಿ ಕೊಳವೆ, ಇವೆರಡೂ ಕಣ್ಣಿಗೆ ಕಾಣುವುದರಿಂದ ಯಾವಾಗ ತೆಗೆಯುತ್ತೀರೆಂದು ರೋಗಿಗಳೇ ಪೀಡಿಸುತ್ತಾರೆ. ಸಾಮಾನ್ಯವಾಗಿ ಅವು ಒಂದೆರಡು ದಿನಗಳಲ್ಲಿ ಹೊರಬರುತ್ತವೆ. ನಾನು ಹೇಳುತ್ತಿರುವ ಡಿಜೆ (ಡಬಲ್ ಜೆ) ಸ್ಟೆಂಟ್ ಮಾತ್ರ ಕಾಣುವುದಿಲ್ಲ. ಇದು ವಯಸ್ಕರಲ್ಲಿ ಸಾಮಾನ್ಯವಾಗಿ 22ರಿಂದ 28 ಸೆಂಟಿಮೀಟರ್ ಉದ್ದವಿರುವ ಮೃದುವಾದ ಕೊಳವೆ. ಒಂದು ಸುರುಳಿ ಮೂತ್ರಪಿಂಡದಲ್ಲಿ, ಇನ್ನೊಂದು ಮೂತ್ರಕೋಶದಲ್ಲಿ ಕುಳಿತಿರುತ್ತದೆ. ಊದಿಕೊಂಡ ಮೂತ್ರನಾಳವಾಗಲಿ ಕಲ್ಲಿನ ಚೂರಾಗಲಿ ಮೂತ್ರವನ್ನು ತಡೆಯದಂತೆ ಇದು ನೋಡಿಕೊಳ್ಳುತ್ತದೆ. ಎಲ್ಲರಿಗೂ ಇದು ಬೇಕೆಂದಿಲ್ಲ. ರಕ್ತಸ್ರಾವ, ಉಳಿದ ಚೂರು, ನಾಳಕ್ಕಾದ ಗಾಯ ಇವನ್ನೆಲ್ಲ ನೋಡಿ ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲೇ ನಿರ್ಧರಿಸುತ್ತೇವೆ.

ಸ್ಟೆಂಟ್ ಇರುವಷ್ಟು ದಿನ ಮೇಲಿಂದ ಮೇಲೆ ಮೂತ್ರಕ್ಕೆ ಅವಸರವಾಗುವುದು, ಓಡಾಡಿದಾಗ ಮೂತ್ರ ನಸುಗೆಂಪಾಗುವುದು, ಮೂತ್ರ ಮಾಡುವಾಗ ಸೊಂಟದ ಪಕ್ಕಕ್ಕೆ ನೋವು ಏರುವುದು, ಇವೆಲ್ಲ ಇರಬಹುದು. ಮೂತ್ರಕೋಶದ ಒತ್ತಡಕ್ಕೆ ಮೂತ್ರ ಸ್ಟೆಂಟಿನ ಮೂಲಕ ಹಿಂದಕ್ಕೆ ಏರುವುದೇ ಆ ನೋವಿಗೆ ಮುಖ್ಯ ಕಾರಣವೇ ಹೊರತು, ಅಷ್ಟರಿಂದಲೇ ಕಲ್ಲು ಉಳಿದಿದೆಯೆಂದು ತಿಳಿಯಬೇಕಾಗಿಲ್ಲ. ಅನೇಕರಿಗೆ ಮಾತ್ರೆಯಿಂದ ಇದು ತಗ್ಗುತ್ತದೆ.

ನನ್ನ ಚಿಂತೆ ಈ ತೊಂದರೆಗಳೊಂದೂ ಇಲ್ಲದವರದು. ಮನೆಯಲ್ಲಿ ಯಾರಿಗೋ ಹೃದಯಕ್ಕೆ ಸ್ಟೆಂಟ್ ಹಾಕಿರುತ್ತಾರೆ, ಅದು ಜೀವನಪರ್ಯಂತ ಅಲ್ಲೇ ಇರುತ್ತದೆ. ಆದ್ದರಿಂದ ಇದೂ ಇರಲಿ ಎಂಬುದು ಅವರ ತರ್ಕ. ಇದು ಇರುವಂತಿಲ್ಲ. ಮೂತ್ರದಲ್ಲಿನ ಲವಣಗಳು ಸ್ಟೆಂಟಿನ ಮೇಲೆ ಕೂರುತ್ತವೆ, ಅದರಲ್ಲೂ ಕಲ್ಲು ಕಟ್ಟುವ ದೇಹದಲ್ಲಿ ಬೇಗ ಕೂರುತ್ತವೆ. ಶಸ್ತ್ರಚಿಕಿತ್ಸೆಯ ನಂತರ ಹೆಚ್ಚಿನವರಿಗೆ ಕೆಲವು ದಿನ ಅಥವಾ ಕೆಲವು ವಾರಗಳಷ್ಟೇ ಇದು ಬೇಕಾಗುವುದು. ಮೂರು ತಿಂಗಳು ದಾಟಿದರೆ ಅಪಾಯ ಏರುತ್ತಲೇ ಹೋಗುತ್ತದೆ. ನೋವಿಲ್ಲ ಎಂಬುದು ಇದಕ್ಕೆ ಸಮಾಧಾನವಲ್ಲ, ಏಕೆಂದರೆ ಲವಣ ಕೂತು ಸ್ಟೆಂಟ್ ಕಟ್ಟಿಕೊಂಡರೆ ಮೂತ್ರಪಿಂಡ ಸದ್ದಿಲ್ಲದೆಯೂ ಕೆಡಬಲ್ಲದು.

ಶ್ರೀನಿವಾಸಪುರದ ಕಡೆಯ ಮಾವಿನ ಬೆಳೆಗಾರರೊಬ್ಬರು "ಕಾಯಿ ಇಳಿಸಿದ ಮೇಲೆ ಬರ್ತೀನಿ ಸಾರ್, ನೋವೇನೂ ಇಲ್ವಲ್ಲ" ಎಂದು ಹೋದವರು ಮುಂದಿನ ವರ್ಷದ ಹೂವಿನ ಕಾಲಕ್ಕೆ ಬಂದರು. ಎಕ್ಸ್‌-ರೇಯಲ್ಲಿ ಮೂತ್ರಕೋಶದೊಳಗಿನ ಸುರುಳಿಯ ಸುತ್ತ ಹೊಸ ಕಲ್ಲೇ ಬೆಳೆದಿತ್ತು. ಸಕಾಲಕ್ಕೆ ಬಂದಿದ್ದರೆ ಮರಗಟ್ಟಿಸುವ ಜೆಲ್ ಹಾಕಿ, ಮೂತ್ರದ ದಾರಿಯಿಂದ ತೂರಿಸುವ ದೂರ್ಬೀನಿನಿಂದ ಕೆಲವೇ ನಿಮಿಷಗಳಲ್ಲಿ ತೆಗೆಯಬಹುದಾಗಿದ್ದುದಕ್ಕೆ ಅರಿವಳಿಕೆ, ಲೇಸರ್, ಮತ್ತೆ ಆಸ್ಪತ್ರೆವಾಸ. ಈಗ ಪ್ರತಿ ವರ್ಷ ಬಾದಾಮಿ ಹಣ್ಣಿನ ಬುಟ್ಟಿ ತಂದಿಡುತ್ತಾರೆ. ಬೇಡವೆನ್ನುವಷ್ಟು ಕೋಪ ನನಗೂ ಉಳಿದಿಲ್ಲ.

ಚಳಿಜ್ವರ ಬಂದರೆ, ಮೂತ್ರ ಕಟ್ಟಿದರೆ ಅಥವಾ ರಕ್ತದ ಗಡ್ಡೆಗಳು ಬಂದರೆ ಜ್ವರದ ಮಾತ್ರೆ ನುಂಗಿ ಬೆಳಗಿನವರೆಗೆ ಕಾಯದೆ ಆಗಲೇ ಆಸ್ಪತ್ರೆಗೆ ಬರಬೇಕು. ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಸ್ಟೆಂಟ್ ತೆಗೆಸಲು ಅಲ್ಲಿಗೇ ಹೋಗಬೇಕೆಂದೇನಿಲ್ಲ. ಡಿಸ್‌ಚಾರ್ಜ್ ಸಮ್ಮರಿ ತಂದರೆ ಹತ್ತಿರದ ಯುರಾಲಜಿಸ್ಟರೂ ಸಾಮಾನ್ಯವಾಗಿ ತೆಗೆದುಕೊಡುತ್ತಾರೆ.