ನೀರು ಎಲ್ಲಿಂದ ಬಂತು? ಬಾಡಿಗೆ ಮನೆಯ ವಿಮೆ ಓದುವ ಬಗೆ

ಬಾಡಿಗೆಗೆ ಕೊಟ್ಟ ಮನೆಯ ವಿಮೆ ಓದಲು ಕೂತಾಗ ನನಗೆ ಮೊದಲು ಗೊಂದಲ ತಂದದ್ದು ನೀರು. ಮನೆಗೆ ನೀರು ಬಂದು ಹಾಳಾದರೆ ಪರಿಹಾರ ಸಿಗುತ್ತದೆ ಅಂತ ಒಬ್ಬರು, ಸಿಗುವುದಿಲ್ಲ ಅಂತ ಇನ್ನೊಬ್ಬರು. ಇಬ್ಬರೂ ಹೇಳಿದ್ದು ನಿಜ. ಗೋಡೆ ಹಾಳಾಗಿದ್ದರೆ ಸಾಲದು, ಯಾವುದರಿಂದ ಹಾಳಾಯಿತು ಅನ್ನುವುದನ್ನು ವಿಮೆ ಕೇಳುತ್ತದೆ.

2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ತಗ್ಗಿನ ಬಡಾವಣೆಗಳಿಗೆ ನುಗ್ಗಿದ್ದು ನೆನಪಿದೆ ಅಲ್ವಾ? ಅದು ಪ್ರವಾಹ, ಪಾಲಿಸಿಯಲ್ಲಿ ಸೇರುತ್ತದೆ. ತಾರಸಿಯ ಟ್ಯಾಂಕ್ ಒಡೆದು ಕೆಳಗಿನ ಮನೆಗೆ ನೀರಿಳಿದರೆ ಅದೂ ಸೇರುತ್ತದೆ. ಹೆಂಚಿನ ಸಂದಿಯಿಂದ ಮೂರು ಮಳೆಗಾಲ ಸೋರಿ ಗೋಡೆ ಉಬ್ಬಿದರೆ ಸೇರುವುದಿಲ್ಲ. ಅದು ರಿಪೇರಿ, ಮಾಲೀಕರದೇ ಖರ್ಚು.

ತೀರ್ಥಹಳ್ಳಿ ಕಡೆ ನಾವು ಬಾಡಿಗೆಗೆ ಕೊಟ್ಟ ಮನೆಯಲ್ಲಿ ಇದನ್ನು ಕಣ್ಣಾರೆ ಕಂಡೆ. ಆಷಾಢದ ಗಾಳಿಗೆ ಹಲಸಿನ ಕೊಂಬೆ ಮುರಿದು ಮಾಡಿನ ಮೇಲೆ ಬಿತ್ತು. ಹಾನಿ ನೋಡಲು ವಿಮಾ ಕಂಪನಿ ಕಳಿಸಿದ ಸರ್ವೇಯರ್ ಒಡೆದ ಹೆಂಚು, ಮುರಿದ ಪಕಾಸಿ, ರೀಪು ಎಲ್ಲ ಎಣಿಸಿ ಬರೆದುಕೊಂಡರು. ಮರ ಬಿದ್ದು ಆದ ಹಾನಿ ಪಾಲಿಸಿಯಲ್ಲಿದೆ. ಆಮೇಲೆ ಕೆಳಗಿನ ಗೋಡೆಯನ್ನು ಕೀಲಿಯಿಂದ ಮೆಲ್ಲಗೆ ಕೆರೆದರು. ಸುಣ್ಣದ ಪದರದ ಹಿಂದೆ ಕಪ್ಪು ಬೂಷ್ಟು, ಅದರ ಹಿಂದೆ ಇನ್ನೊಂದು ಸುಣ್ಣ, ಮತ್ತೆ ಬೂಷ್ಟು. "ಇದು ಈ ವಾರದ್ದಲ್ಲ" ಅಂದರು. ಗೋಡೆಯ ಖರ್ಚು ಬಿಟ್ಟುಹೋಯಿತು. ಅವತ್ತಿನಿಂದ ಪ್ರತಿ ಮೇ ತಿಂಗಳು ಮಾಡು, ಗೋಡೆ, ಟ್ಯಾಂಕಿನ ಫೋಟೋ ತೆಗೆದಿಡುತ್ತೇನೆ. ನೀವೂ ದಯವಿಟ್ಟು ತೆಗೆದಿಡಿ.

ಈಗ ಪಾಲಿಸಿಗೆ ಬರೋಣ. 2021ರ ಏಪ್ರಿಲ್ 1ರಿಂದ 'ಭಾರತ್ ಗೃಹ ರಕ್ಷಾ' ಅನ್ನುವ ಒಂದೇ ಮಾದರಿಯ ಪಾಲಿಸಿ ಬಂದಿದೆ. ಯಾವ ಕಂಪನಿಯಲ್ಲಿ ತೆಗೆದುಕೊಂಡರೂ ಮೂಲ ರಕ್ಷಣೆ ಒಂದೇ: ಬೆಂಕಿ, ಸಿಡಿಲು, ಬಿರುಗಾಳಿ, ಪ್ರವಾಹ, ಭೂಕಂಪ, ಭೂಕುಸಿತ, ಗಲಭೆ, ಸ್ಫೋಟ ಮುಂತಾದವು. ಸ್ಫೋಟ ಎಂಬ ಪದ ಸುಮ್ನೆ ಸೇರಿಸಿದ್ದಲ್ಲ. ಅದೇ ವರ್ಷ ಜನವರಿ 21ರ ರಾತ್ರಿ ಶಿವಮೊಗ್ಗ ಹತ್ತಿರದ ಹುಣಸೋಡಿನಲ್ಲಿ ಕಲ್ಲು ಕ್ವಾರಿಯ ಸ್ಫೋಟಕ ಸಿಡಿದದ್ದು ನಮ್ಮೂರಿನವರಿಗೆ ಗೊತ್ತು.

ಎಷ್ಟು ಮೊತ್ತಕ್ಕೆ ವಿಮೆ ಮಾಡಿಸಬೇಕು ಅನ್ನುವ ಲೆಕ್ಕದಲ್ಲಿ ಜಾಸ್ತಿ ಜನ ಎಡವುತ್ತಾರೆ. ಜಾಗದ ಬೆಲೆ ಇಲ್ಲಿ ಬರುವುದಿಲ್ಲ. ಕಾರ್ಪೆಟ್ ವಿಸ್ತೀರ್ಣವನ್ನು, ಅಂದರೆ ಹೊರಗೋಡೆ ಬಿಟ್ಟು ಒಳಗಿನ ನೆಲದ ಅಳತೆಯನ್ನು, ಈಗ ಕಟ್ಟಲು ತಗಲುವ ಖರ್ಚಿನಿಂದ ಗುಣಿಸಬೇಕು. 800 ಚದರ ಅಡಿಗೆ ತಲಾ 2,000 ರೂಪಾಯಿ ಅಂತ ಹಿಡಿದರೆ 16 ಲಕ್ಷ. ಅದರ ಶೇ 20, ಅಂದರೆ 3.2 ಲಕ್ಷ, ಮನೆಯೊಳಗಿನ ನಿಮ್ಮ ಸಾಮಾನಿಗೆ ತಾನಾಗಿ ಸೇರುತ್ತದೆ. ಇದಕ್ಕೆ ಮೇಲಿನ ಮಿತಿ 10 ಲಕ್ಷ. ಅವಶೇಷ ತೆಗೆಸಲು ಪರಿಹಾರದ ಶೇ 2ರವರೆಗೆ ಬೇರೆ ಕೊಡುತ್ತಾರೆ.

ಮಾಲೀಕರಿಗೆ ಬಹಳ ಮುಖ್ಯವಾದದ್ದು ಬಾಡಿಗೆ ನಷ್ಟದ ರಕ್ಷಣೆ. ಪಾಲಿಸಿಯಲ್ಲಿರುವ ಕಾರಣದಿಂದ ಮನೆ ವಾಸಕ್ಕೆ ಆಗದಂತಾಗಿ ಬಾಡಿಗೆ ನಿಂತರೆ ಅದು ಸಿಗುತ್ತದೆ. ಬಾಡಿಗೆದಾರರು ಮೂರು ತಿಂಗಳು ಕೊಡದೆ ಖಾಲಿ ಮಾಡಿಕೊಂಡು ಹೋದರೆ ಸಿಗುವುದಿಲ್ಲ. ಇಲ್ಲೂ ಕಾರಣವೇ ಪ್ರಶ್ನೆ. ಕಳ್ಳತನವೂ ಹಾಗೇ. ಪ್ರವಾಹದಂತಹ ಘಟನೆ ಆಗಿ 7 ದಿನದೊಳಗೆ, ಅದರ ಕಾರಣಕ್ಕೇ ಆದ ಕಳವು ಮಾತ್ರ ಮೂಲ ಪಾಲಿಸಿಯಲ್ಲಿದೆ. ಬೇರೆ ದಿನದ ಕಳ್ಳತನಕ್ಕೆ ಪ್ರತ್ಯೇಕ ವಿಮೆ ಬೇಕು.

ಮನೆ ಬಾಡಿಗೆಗೆ ಕೊಟ್ಟರೆ ಕಂಪನಿಗೆ ಬರಹದಲ್ಲಿ ತಿಳಿಸಿ. ಮುಂದಿನ ಕೋಣೆಯಲ್ಲಿ ಅಂಗಡಿ ಇಟ್ಟರೂ ತಿಳಿಸಿ, ಯಾಕೆಂದರೆ ಇದು ವಾಸದ ಮನೆಗೆ ಮಾತ್ರ ಇರುವ ಪಾಲಿಸಿ.

ಇನ್ನೊಂದು ಮಾತನ್ನು ಕರಾರು ಪತ್ರ ಬರೆಯುವ ದಿನವೇ ಬಾಡಿಗೆದಾರರಿಗೆ ಹೇಳಿಬಿಡಿ. ನಿಮ್ಮ ಪಾಲಿಸಿಯಲ್ಲಿ ಅವರ ಫ್ರಿಜ್, ಹೊಲಿಗೆ ಯಂತ್ರ, ಮಕ್ಕಳ ಲ್ಯಾಪ್‌ಟಾಪ್ ಯಾವುದೂ ಸೇರಿಲ್ಲ. ಇದೇ ಭಾರತ್ ಗೃಹ ರಕ್ಷಾದಲ್ಲಿ ಸಾಮಾನಿಗೆ ಮಾತ್ರ ಬೇಕಾದರೂ ವಿಮೆ ಸಿಗುತ್ತದೆ. ಅದನ್ನು ಅವರು ತಮ್ಮ ಹೆಸರಿನಲ್ಲೇ ಮಾಡಿಸಿಕೊಳ್ಳಬಹುದು.