ಮಗ್ಗದ ಮನೆಯ ದನಿ

ಬಾಗಲಕೋಟೆ ಜಿಲ್ಲೆಯ ನೇಕಾರರ ಊರು ರಬಕವಿ-ಬನಹಟ್ಟಿ ಕಡೆಯ ಒಂದು ಪ್ರೌಢಶಾಲೆಗೆ ವಿಜ್ಞಾನ ಶಿಕ್ಷಕನಾಗಿ ವರ್ಗವಾಗಿ ಬಂದ ಹೊಸತರಲ್ಲಿ ಎಂಟನೆಯ ತರಗತಿಯ ಒಬ್ಬ ಹುಡುಗನನ್ನು ಬಾಗಿಲ ಹೊರಗೆ ನಿಲ್ಲಿಸಿದ್ದೆ. ಅವನ ತಪ್ಪು ಇಷ್ಟೇ: ಪ್ರಶ್ನೆ ಕೇಳಿದರೆ ಜಗಳಕ್ಕೆ ನಿಂತವನಂತೆ ಕಿರುಚಿ ಉತ್ತರಿಸುತ್ತಿದ್ದ. ಮೆಲ್ಲಗೆ ಮಾತನಾಡು ಎಂದರೆ ‘ಮೆಲ್ಲಗೇ ಮಾತನಾಡುತ್ತಿದ್ದೇನೆ ಸರ್’ ಎಂದು ಇನ್ನಷ್ಟು ಗಟ್ಟಿಯಾಗಿ ಹೇಳಿದ. ತರಗತಿ ಗೊಳ್ಳೆಂದು ನಕ್ಕಿತು. ನನಗೆ ಅದು ಶುದ್ಧ ಉದ್ಧಟತನವಾಗಿ ಕಂಡಿತು.

ಕೆಲವು ದಿನ ಬಿಟ್ಟು ಅವನು ಶಾಲೆಗೆ ಬಾರದಿದ್ದಾಗ ಮನೆಗೆ ಹೋದೆ. ಪಡಸಾಲೆಯಲ್ಲಿ ನಾಲ್ಕು ವಿದ್ಯುತ್ ಮಗ್ಗಗಳು ಓಡುತ್ತಿದ್ದವು. ಲಾಳಿ ಅತ್ತಿಂದಿತ್ತ ಬಡಿಯುವ ಸದ್ದಿಗೆ ಕಾಲಡಿಯ ನೆಲವೇ ಅದುರುತ್ತಿತ್ತು. ಹುಡುಗ ಮೂಲೆಯಲ್ಲಿ ಕೂತು ಕಂಡಿಕೆ, ಎಂದರೆ ಲಾಳಿಯೊಳಗಿಡುವ ನೂಲಿನ ಸುರುಳಿ, ಸುತ್ತುತ್ತಿದ್ದ. ನಾಲ್ಕು ಹೆಜ್ಜೆ ದೂರದಲ್ಲಿದ್ದ ಅವನ ತಾಯಿ ‘ಚಹಾ ಮಾಡುತ್ತೇನೆ, ಕೂತುಕೊಳ್ಳಿರಿ ಸರ್’ ಎಂದದ್ದು ನನಗೆ ಕೇಳಿಸಿದ್ದು ಮೂರನೆಯ ಸಲ. ನಾನೂ ಕೂಗಿಯೇ ಉತ್ತರ ಕೊಟ್ಟೆ. ಅರ್ಧ ತಾಸು ಕೂತು ಹೊರಬಂದಾಗ ಬೀದಿಯಲ್ಲಿ ಸಿಕ್ಕ ಪರಿಚಯದವರೊಬ್ಬರು ‘ಯಾರ ಮೇಲೆ ಸಿಟ್ಟಾಗಿದ್ದೀರಿ ಸರ್?’ ಎಂದು ಕೇಳಿದರು. ನಾನು ಅವರ ಯೋಗಕ್ಷೇಮ ವಿಚಾರಿಸಿದ್ದೆ, ಅಷ್ಟೇ.

ಅರ್ಧ ತಾಸಿಗೆ ನನ್ನ ದನಿ ಏರಿತ್ತು. ಆ ಹುಡುಗ ಹುಟ್ಟಿದ್ದೇ ಆ ಸದ್ದಿನಲ್ಲಿ.

ಮರುದಿನದಿಂದ ಅವನಿಗೆ ದೂರದಿಂದ ಪ್ರಶ್ನೆ ಹಾಕುವುದನ್ನು ಬಿಟ್ಟೆ. ಬೆಂಚಿನ ಹತ್ತಿರ ಹೋಗಿ, ನನ್ನ ದನಿ ತಗ್ಗಿಸಿ ಕೇಳುತ್ತಿದ್ದೆ. ಮುಖ ಹತ್ತಿರವಿದ್ದಾಗ ಅವನ ದನಿಯೂ ತಾನಾಗಿ ಇಳಿಯುತ್ತಿತ್ತು. ಇಡೀ ತರಗತಿಗೂ ಇದೇ ಉಪಾಯ ಸಲ್ಲುತ್ತದೆ. ಗದ್ದಲದ ಮೇಲೆ ಗದ್ದಲ ಮಾಡುವ ಶಿಕ್ಷಕ ಇನ್ನೊಂದು ಮಗ್ಗ ಓಡಿಸಿದ ಹಾಗೆ.

ದಕ್ಷಿಣದ ಜಿಲ್ಲೆಯಿಂದ ಬಂದಿದ್ದ ಸಹೋದ್ಯೋಗಿಯೊಬ್ಬರಿಗೆ ಇನ್ನೊಂದು ತೊಡಕಿತ್ತು. ಮಕ್ಕಳು ‘ಯಾಕ್ರೀ ಸರ್’ ಎಂದರೆ ಅವರಿಗೆ ಮೈ ಉರಿಯುತ್ತಿತ್ತು, ಸಮಾನರ ಹಾಗೆ ಮಾತನಾಡುತ್ತಾರೆ ಎಂದು. ನಮ್ಮ ಕಡೆ ಆ ‘ರೀ’ ಮರ್ಯಾದೆಯ ಗುರುತು, ಅದು ಬಿಟ್ಟುಹೋದಾಗ ಸಿಟ್ಟಾಗಿರಿ ಎಂದು ಹೇಳಿ ಅವರನ್ನು ಸಮಾಧಾನಪಡಿಸಬೇಕಾಯಿತು.

ಹಾಗೆಂದು ಎಲ್ಲ ಗಲಾಟೆಯ ಬೇರು ಮನೆಯಲ್ಲಿ ಇರುವುದಿಲ್ಲ. ಎಷ್ಟೋ ಸಲ ಅದು ನಮ್ಮ ಪಾಠದಲ್ಲೇ ಇರುತ್ತದೆ. ಇದು ಗೊತ್ತಾಗಲು ನಾನು ಒಂದು ಸಣ್ಣ ನೋಟ್‌ಬುಕ್ ಇಟ್ಟೆ. ಗದ್ದಲವಾದಾಗ ಗಂಟೆ ಎಷ್ಟು, ನಾನು ಎಲ್ಲಿ ನಿಂತಿದ್ದೆ, ಅದಕ್ಕೆ ಮುಂಚೆ ಏನು ನಡೆದಿತ್ತು ಎಂದಷ್ಟೇ ಬರೆಯುವುದು. ಹುಡುಗರ ಹೆಸರು ಬರೆಯಲಿಲ್ಲ. ಹೆಸರು ಬರೆದರೆ ಅಪರಾಧಿಗಳ ಪಟ್ಟಿಯಾಗುತ್ತದೆ, ಮತ್ತೇನೂ ಕಾಣಿಸುವುದಿಲ್ಲ. ಒಂದು ತಿಂಗಳ ಪುಟಗಳನ್ನು ತಿರುವಿದಾಗ ಮುಜುಗರವಾಯಿತು. ಬಹುಪಾಲು ಗದ್ದಲ ನಾನು ಬೆನ್ನು ತಿರುಗಿಸಿ ಕಪ್ಪುಹಲಗೆಯ ಮೇಲೆ ದೊಡ್ಡ ಚಿತ್ರ ಬಿಡಿಸುವಾಗ, ಇಲ್ಲವೇ ಬೇಗ ಬರೆದು ಮುಗಿಸಿದವರು ಉಳಿದವರಿಗಾಗಿ ಸುಮ್ಮನೆ ಕಾಯುವಾಗ ಆಗಿತ್ತು. ಮಿಕ್ಕದ್ದು ಬಿಸಿಯೂಟದ ನಂತರದ ಅವಧಿಯದು. ರಾತ್ರಿ ಕಂಡಿಕೆ ಸುತ್ತಿದ ಮಕ್ಕಳು ಆಗ ತೂಕಡಿಸುತ್ತಾರೆ, ಪಕ್ಕದವರು ಅವರ ಕಿವಿಗೆ ಕಡ್ಡಿ ಹಾಕುತ್ತಾರೆ. ಈಗ ಚಿತ್ರವನ್ನು ಮೊದಲೇ ಹಾಳೆಯ ಮೇಲೆ ಬಿಡಿಸಿ ತರುತ್ತೇನೆ, ಪ್ರಯೋಗಗಳನ್ನು ಊಟದ ನಂತರಕ್ಕೆ ಇಡುತ್ತೇನೆ. ಲಿಂಬೆರಸಕ್ಕೆ ಸೋಡಾ ಪುಡಿ ಹಾಕಿ ನೊರೆ ಉಕ್ಕಿಸುವಾಗ ತೂಕಡಿಸಿದವನನ್ನು ನಾನಿನ್ನೂ ನೋಡಿಲ್ಲ.

ಪಾಲಕರ ಸಭೆಯಲ್ಲಿ ಮಾತ್ರ ಹಳೆಯ ಬೇಡಿಕೆ ತಪ್ಪುವುದಿಲ್ಲ: ‘ಕಣ್ಣೆರಡು ಬಿಟ್ಟು ಎಲ್ಲಿ ಬೇಕಾದರೂ ಹೊಡೆಯಿರಿ ಸರ್.’ ಛಡಿ ಚಂ ಚಂ, ವಿದ್ಯೆ ಘಂ ಘಂ ಎಂದು ಕೇಳಿ ಬೆಳೆದ ಜನ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ ಎಂದು ವಿವರಿಸಿದರೆ ‘ಅದಕ್ಕೇ ಹುಡುಗರು ಕೆಟ್ಟರು’ ಎನ್ನುತ್ತಾರೆ. ಕೆಲವು ಶಿಕ್ಷಕರೂ ತಲೆಯಾಡಿಸುತ್ತಾರೆ. ನಾನು ಕಲಿಯುವಾಗ ನಮ್ಮ ಶಾಲೆಯಲ್ಲಿ ಛಡಿ ಇತ್ತು. ಸೋಮವಾರ ಪೆಟ್ಟು ತಿಂದವನೇ ಮಂಗಳವಾರವೂ ತಿನ್ನುತ್ತಿದ್ದ. ವರ್ಷವಿಡೀ ಅದೇ ನಾಲ್ಕು ಮಂದಿ. ಬಾಗಿಲ ಹೊರಗೆ ನಿಲ್ಲಿಸುವುದೂ ಅಷ್ಟೇ. ಪಾಠ ತಪ್ಪುತ್ತದೆ, ನಾಳೆ ಅರ್ಥವಾಗದವನು ನಾಡಿದ್ದು ಗಲಾಟೆಗೆ ಇಳಿಯುತ್ತಾನೆ.

ಒಂದು ವಿಷಯದಲ್ಲಿ ಮಾತ್ರ ನಾನು ಮೃದುವಲ್ಲ. ಇನ್ನೊಂದು ಮಗುವಿಗೆ ಹೊಡೆದದ್ದು, ಜಾತಿ ಹಿಡಿದು ಹಂಗಿಸಿದ್ದು, ಹೆಣ್ಣುಮಕ್ಕಳನ್ನು ಪೀಡಿಸಿದ್ದು ಕಂಡರೆ ಮನೆಯ ಕಷ್ಟದ ಕತೆ ಆಮೇಲೆ. ಆ ದಿನವೇ ನೊಂದ ಮಗುವಿನ ಮಾತನ್ನು ಮೊದಲು, ಬೇರೆಯಾಗಿ ಕೇಳಬೇಕು. ಮುಖ್ಯ ಶಿಕ್ಷಕರ ಮುಂದೆ ಎರಡೂ ಕಡೆಯ ಪಾಲಕರನ್ನು ಕೂರಿಸಬೇಕು. ಎಲ್ಲರ ಎದುರು ಕೈಕುಲುಕಿಸಿ ಮುಗಿಸಿಬಿಡುವ ರೂಢಿ ನಮ್ಮಲ್ಲಿದೆ, ಅದರಿಂದ ನೊಂದವನಿಗೆ ಶಾಲೆ ಬಿಟ್ಟ ಮೇಲೆ ದಾರಿಯಲ್ಲಿ ಇನ್ನೆರಡು ಬೀಳುತ್ತವೆ.

ಆ ಗಟ್ಟಿ ದನಿಯ ಹುಡುಗ ಈಗ ಹತ್ತನೆಯ ತರಗತಿ. ಬೆಳಗಿನ ಪ್ರಾರ್ಥನೆಯಲ್ಲಿ ದಿನಪತ್ರಿಕೆಯ ಸುದ್ದಿ ಓದುವ ಕೆಲಸ ಅವನದು. ಶಾಲೆಯ ಮೈಕು ಕೆಟ್ಟು ಎರಡು ತಿಂಗಳಾಯಿತು, ರಿಪೇರಿಯ ಮಾತನ್ನು ಯಾರೂ ಎತ್ತಿಲ್ಲ.