ಗಡಿಯಾರ ಸರಿಯಿದ್ದೂ ಜನವರಿ 1ರಂದು ಸರ್ವರ್ ಏಕೆ ತಪ್ಪುತ್ತದೆ

2022ರ ಜನವರಿ 1ರಂದು, ತಮ್ಮದೇ ಸರ್ವರ್‌ಗಳಲ್ಲಿ ಮೈಕ್ರೋಸಾಫ್ಟ್‌ನ ಇಮೇಲ್ ತಂತ್ರಾಂಶ ಎಕ್ಸ್‌ಚೇಂಜ್ 2016 ಅಥವಾ 2019 ನಡೆಸುತ್ತಿದ್ದ ಅನೇಕ ಸಂಸ್ಥೆಗಳಲ್ಲಿ ಇಮೇಲ್ ರವಾನೆ ನಿಂತುಹೋಯಿತು. ಸಂದೇಶಗಳು ಕಳೆದುಹೋಗಿರಲಿಲ್ಲ, ಸರದಿಯಲ್ಲಿ ಸಿಕ್ಕಿಕೊಂಡಿದ್ದವು. ತಪ್ಪು ಇದ್ದದ್ದು ವೈರಸ್ ತಪಾಸಣೆಯ ಘಟಕದಲ್ಲಿ. ಆ ಘಟಕದ ಆವೃತ್ತಿ ಸಂಖ್ಯೆಯನ್ನು ಇಸವಿಯ ಕೊನೆಯ ಎರಡು ಅಂಕಿ, ತಿಂಗಳು, ದಿನ ಮತ್ತು ಒಂದು ಕ್ರಮಸಂಖ್ಯೆಯನ್ನು ಒಟ್ಟಿಗೆ ಜೋಡಿಸಿ ರೂಪಿಸಲಾಗುತ್ತಿತ್ತು. ಹೊಸ ವರ್ಷದ ಮೊದಲ ಆವೃತ್ತಿ 2201010001 ಎಂದಾಯಿತು. ಅದನ್ನು ಓದುತ್ತಿದ್ದ ಪ್ರೋಗ್ರಾಂ 32 ಬಿಟ್‌ನ ಚಿಹ್ನೆಸಹಿತ (ಧನ, ಋಣ ಎರಡನ್ನೂ ಹಿಡಿಸುವ) ಪೂರ್ಣಾಂಕವನ್ನು ಬಳಸುತ್ತಿತ್ತು, ಮತ್ತು ಅಂಥ ಪೂರ್ಣಾಂಕದಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 2147483647. 2021ರ ಡಿಸೆಂಬರ್ 31ರವರೆಗೂ ಎಲ್ಲವೂ ಈ ಮಿತಿಯೊಳಗೇ ಇದ್ದವು. ಇಸವಿಯ ಅಂಕಿ 21ರಿಂದ 22ಕ್ಕೆ ಏರಿದ ಕ್ಷಣ ಮಿತಿ ಮೀರಿತು.

ಮೈಕ್ರೋಸಾಫ್ಟ್ ಕೊಟ್ಟ ಪರಿಹಾರದಲ್ಲಿ ಹೊಸ ಆವೃತ್ತಿಯ ಸಂಖ್ಯೆ 2112330001, ಅಂದರೆ ದಿನಾಂಕವಾಗಿ ಓದಿದರೆ 2021ರ ಡಿಸೆಂಬರ್ 33. ಕೆಲವರಿಗೆ ಇದು ವಿಚಿತ್ರವಾಗಿ ಕಂಡಿತು. ನನ್ನ ದೃಷ್ಟಿಯಲ್ಲಿ ಅದು ವಿವೇಕದ ಪರಿಹಾರ. ಆ ಸಂಖ್ಯೆಯಿಂದ ಬೇಕಾಗಿದ್ದದ್ದು ಹಿಂದಿನದಕ್ಕಿಂತ ದೊಡ್ಡದಾಗಿರುವುದು ಮತ್ತು ಪೂರ್ಣಾಂಕದಲ್ಲಿ ಹಿಡಿಸುವುದು, ಇಷ್ಟೇ. ಅದು ಎಂದೂ ದಿನಾಂಕವಾಗಿರಬೇಕಾಗಿರಲಿಲ್ಲ.

ಹೊಸ ವರ್ಷದ ದೋಷಗಳನ್ನು ನಾವು ವಾಡಿಕೆಯಲ್ಲಿ ಗಡಿಯಾರದ ದೋಷಗಳೆಂದು ಕರೆಯುತ್ತೇವೆ, ಆದರೆ ಬಹುತೇಕ ಪ್ರಕರಣಗಳಲ್ಲಿ ಗಡಿಯಾರ ಸರಿಯಾಗಿಯೇ ಇರುತ್ತದೆ. ದಿನಾಂಕವನ್ನು ಯಾರೋ ಇನ್ನೊಂದು ರೂಪಕ್ಕೆ ಇಳಿಸಿದ ಜಾಗದಲ್ಲಿ, ಅಂದರೆ ಒಂದು ಸಂಖ್ಯೆಯಾಗಿ, ಎರಡು ಅಂಕಿಯ ಇಸವಿಯಾಗಿ, ಒಂದು ಕಡತದ ಹೆಸರಾಗಿ ಮಾಡಿದಲ್ಲಿ, ತಪ್ಪು ಕುಳಿತಿರುತ್ತದೆ. ಆ ಜಾಗಗಳು ವರ್ಷವಿಡೀ ನಮ್ಮ ಕಣ್ಣೆದುರಿಗೇ ಇರುವುದರಿಂದ ಅವನ್ನು ಮೊದಲೇ ಹುಡುಕಿ ಪರೀಕ್ಷಿಸಲು ಸಾಧ್ಯ.

ಎರಡು ಅಂಕಿಯ ಇಸವಿಯನ್ನೇ ತೆಗೆದುಕೊಳ್ಳಿ. 00 ಎಂಬ ಇಸವಿಯನ್ನು 1900 ಎಂದು ಓದುವ 2000ದ ಸಮಸ್ಯೆ (ವೈ2ಕೆ) ಮುಗಿದುಹೋಯಿತೆಂದು ಬಹಳ ಜನ ನಂಬಿದ್ದಾರೆ. ಆಗ ಎಷ್ಟೋ ಕಡೆ ಇಸವಿಯನ್ನು ನಾಲ್ಕು ಅಂಕಿಗೆ ವಿಸ್ತರಿಸುವ ಬದಲು ಒಂದು ಗಡಿ ಇಸವಿಯನ್ನು ಗೊತ್ತುಮಾಡಿ, ಅದಕ್ಕಿಂತ ಚಿಕ್ಕ ಅಂಕಿಗಳು ಈ ಶತಮಾನದವು, ದೊಡ್ಡವು ಹಿಂದಿನ ಶತಮಾನದವು ಎಂದು ತೀರ್ಮಾನಿಸಲಾಯಿತು. ಆ ಗಡಿಗಳು ಈಗ ಒಂದೊಂದಾಗಿ ಎದುರಾಗುತ್ತಿವೆ. ಲಾಗ್‌ಗಳನ್ನು, ಅಂದರೆ ಯಂತ್ರಗಳು ಬರೆದಿಡುವ ಘಟನೆಗಳ ದಾಖಲೆಗಳನ್ನು, ಸಂಗ್ರಹಿಸಿ ವಿಶ್ಲೇಷಿಸುವ ಸ್ಪ್ಲಂಕ್ ತಂತ್ರಾಂಶದ ಹಳೆಯ ಆವೃತ್ತಿಗಳು 2020ರ ಜನವರಿ 1ರಿಂದ ಎರಡು ಅಂಕಿಯ ಇಸವಿಯನ್ನು ಗುರುತಿಸಲಾರವು ಎಂದು ಅದರ ತಯಾರಕರೇ ಮುನ್ಸೂಚನೆ ಕೊಟ್ಟು, ತಿದ್ದಿದ ಕಡತವನ್ನು ಹಂಚಬೇಕಾಯಿತು. ಎಕ್ಸೆಲ್‌ನಲ್ಲಿ ಈ ಗಡಿ ಪೂರ್ವನಿಯೋಜಿತವಾಗಿ 2029. ಇಸವಿಯನ್ನು 29 ಎಂದು ಬರೆದರೆ 2029 ಆಗುತ್ತದೆ, 30 ಎಂದು ಬರೆದರೆ 1930 ಆಗುತ್ತದೆ. ಯುನಿಕ್ಸ್ ಮಾದರಿಯ ವ್ಯವಸ್ಥೆಗಳ ದಿನಾಂಕ ಓದುವ ಫಂಕ್ಷನ್‌ಗಳಲ್ಲಿ 68 ಎಂಬುದು 2068, 69 ಎಂಬುದು 1969. ಅಲ್ಪವಿರಾಮಗಳಿಂದ ಬೇರ್ಪಡಿಸಿದ ಪಟ್ಟಿಯಿರುವ ಒಂದೇ ಸಿಎಸ್‌ವಿ ಕಡತ ಈ ಎರಡು ವ್ಯವಸ್ಥೆಗಳ ನಡುವೆ ಓಡಾಡಿದರೆ 2030ರಿಂದ 2068ರವರೆಗಿನ ಇಸವಿಗಳಿಗೆ ಎರಡೂ ಬೇರೆ ಬೇರೆ ಶತಮಾನಗಳನ್ನು ಹೇಳುತ್ತವೆ, ಮತ್ತು ಎರಡರಲ್ಲಿ ಯಾವುದೂ ದೋಷ ಸಂದೇಶವನ್ನು ತೋರಿಸುವುದಿಲ್ಲ.

ನಾನು ಹೆಚ್ಚು ಹೆದರುವುದು ನಿಂತುಹೋಗುವ ಪ್ರೋಗ್ರಾಂಗಳಿಗಲ್ಲ, ಹೀಗೆ ಸದ್ದಿಲ್ಲದೆ ತಪ್ಪನ್ನೇ ಬರೆಯುತ್ತಾ ಹೋಗುವವುಗಳಿಗೆ. ಅವುಗಳಲ್ಲಿ ಮುಖ್ಯವಾದದ್ದು ವಾರ ಆಧಾರಿತ ಇಸವಿಯ ಗೊಂದಲ. ಐಎಸ್‌ಒ 8601 ಮಾನದಂಡದ ಪ್ರಕಾರ ವಾರ ಸೋಮವಾರ ಆರಂಭವಾಗುತ್ತದೆ, ಮತ್ತು ಯಾವ ವಾರದ ಗುರುವಾರ ಯಾವ ಇಸವಿಯಲ್ಲಿ ಬೀಳುತ್ತದೆಯೋ ಇಡೀ ವಾರ ಆ ಇಸವಿಗೆ ಸೇರುತ್ತದೆ. ಆದ್ದರಿಂದ 2025ರ ಡಿಸೆಂಬರ್ 29, 30 ಮತ್ತು 31 ವಾರದ ಲೆಕ್ಕದಲ್ಲಿ 2026ಕ್ಕೆ ಸೇರಿದರೆ, 2027ರ ಜನವರಿಯ ಮೊದಲ ಮೂರು ದಿನಗಳು 2026ರಲ್ಲೇ ಉಳಿಯುತ್ತವೆ. ಜಾವಾದ ದಿನಾಂಕ ವಿನ್ಯಾಸದಲ್ಲಿ ಚಿಕ್ಕಕ್ಷರದ ವೈ ಸಾಮಾನ್ಯ ಇಸವಿಯನ್ನೂ ದೊಡ್ಡಕ್ಷರದ ವೈ ವಾರ ಆಧಾರಿತ ಇಸವಿಯನ್ನೂ ಸೂಚಿಸುತ್ತವೆ; ಯುನಿಕ್ಸ್‌ನ ಡೇಟ್ ಆದೇಶದಲ್ಲಿ ವಾರ ಆಧಾರಿತ ಇಸವಿಗೆ ಇರುವುದು ಜಿ ಅಕ್ಷರ. ವರ್ಷದ ಬಹುತೇಕ ದಿನಗಳಲ್ಲಿ ಎರಡೂ ಒಂದೇ ಉತ್ತರ ಕೊಡುವುದರಿಂದ ಪರೀಕ್ಷೆಗಳಲ್ಲಿ ಈ ತಪ್ಪು ಸಿಕ್ಕಿಬೀಳುವುದಿಲ್ಲ. 2014ರ ಡಿಸೆಂಬರ್ 29ರಂದು ಟ್ವಿಟರ್‌ನ ಸರ್ವರ್‌ಗಳು ಇಸವಿಯನ್ನು 2015 ಎಂದು ಹೇಳತೊಡಗಿ, ಅನೇಕ ಆಂಡ್ರಾಯ್ಡ್ ಬಳಕೆದಾರರು ತಮ್ಮ ಖಾತೆಗಳಿಂದ ಹೊರಬಿದ್ದರು. ಆ ದಿನ ಸೋಮವಾರ, ವಾರದ ಲೆಕ್ಕದಲ್ಲಿ 2015ರ ಮೊದಲ ದಿನ.

ಬ್ಯಾಕಪ್‌ನಲ್ಲಿ ಇದೇ ತಪ್ಪು ಏನು ಮಾಡುತ್ತದೆಂದು ನೋಡಿ. 2025ರ ಡಿಸೆಂಬರ್ 30ರಂದು ತೆಗೆದ ಬ್ಯಾಕಪ್ ಕಡತಕ್ಕೆ 2026-12-30 ಎಂಬ ಹೆಸರು ಬಿತ್ತೆನ್ನಿ. ಹೆಸರಿನ ಕ್ರಮದಲ್ಲಿ ಹೊಸ ಏಳು ಕಡತಗಳನ್ನು ಉಳಿಸಿಕೊಂಡು ಉಳಿದವನ್ನು ಅಳಿಸುವ ಸ್ಕ್ರಿಪ್ಟ್‌ಗೆ ಮುಂದಿನ ವರ್ಷವಿಡೀ ಈ ಕಡತ ಅತ್ಯಂತ ಹೊಸದಾಗಿ ಕಾಣುತ್ತದೆ. ಜೂನ್‌ನಲ್ಲಿ ಸರ್ವರ್ ಕೆಟ್ಟು, ಯಾರಾದರೂ ಹೆಸರು ನೋಡಿ ಕೊನೆಯ ಬ್ಯಾಕಪ್ಪನ್ನು ಮರಳಿ ತುಂಬಿಸಿದರೆ, ಆರು ತಿಂಗಳ ಹಿಂದಿನ ದತ್ತಾಂಶ ಬಂದು ಕೂರುತ್ತದೆ. ನಿಮ್ಮ ಸ್ಕ್ರಿಪ್ಟ್‌ಗಳಲ್ಲಿ ಈ ಎರಡು ಅಕ್ಷರಗಳನ್ನು, ಜಾವಾದ ದೊಡ್ಡಕ್ಷರದ ವೈ ಮತ್ತು ಡೇಟ್ ಆದೇಶದ ಜಿಯನ್ನು, ಹುಡುಕಲು ಹಿಡಿಯುವ ಸಮಯ ಅತ್ಯಲ್ಪ, ದಯವಿಟ್ಟು ಹುಡುಕಿ.

ಲಾಗ್‌ಗಳ ಸಂಗತಿ ಸ್ವಲ್ಪ ಬೇರೆ. 2001ರಲ್ಲಿ ಆರ್‌ಎಫ್‌ಸಿ 3164 ಎಂಬ ಅಂತರ್ಜಾಲದ ತಾಂತ್ರಿಕ ದಸ್ತಾವೇಜು ದಾಖಲಿಸಿದ, ಸಾಧನಗಳು ಲಾಗ್ ಕಳಿಸಲು ಬಳಸುವ ಸಿಸ್‌ಲಾಗ್ ರೂಪದಲ್ಲಿ ತಿಂಗಳು, ದಿನ, ಸಮಯ ಇವೆ, ಇಸವಿಯೇ ಇಲ್ಲ. ಡಿಸೆಂಬರ್ 31ರ ಕೊನೆಯ ಸೆಕೆಂಡುಗಳಲ್ಲಿ ಹೊರಟ ಸಂದೇಶವೊಂದು ಸಂಗ್ರಾಹಕ ಸರ್ವರ್‌ಗೆ ಮಧ್ಯರಾತ್ರಿ ಕಳೆದು ತಲುಪಿದರೆ, ಅದಕ್ಕೆ ಚಾಲ್ತಿ ಇಸವಿಯನ್ನು ಅಂಟಿಸುವ ಸರಳ ಪ್ರೋಗ್ರಾಂ ಅದನ್ನು ಸುಮಾರು ಒಂದು ವರ್ಷ ಮುಂದಿನ ಘಟನೆಯನ್ನಾಗಿ ಮಾಡುತ್ತದೆ. ಕಳಿಸುವ ಸಾಧನ ಮತ್ತು ಸಂಗ್ರಾಹಕ ಬೇರೆ ಬೇರೆ ಕಾಲವಲಯಗಳಲ್ಲಿದ್ದರೆ ಇಂಥ ಸಂದೇಶಗಳು ಗಂಟೆಗಟ್ಟಲೆ ಬರುತ್ತಲೇ ಇರುತ್ತವೆ, ಮತ್ತು ಕಳೆದ ಒಂದು ಗಂಟೆಯ ಘಟನೆಗಳನ್ನು ಹುಡುಕುವ ಎಚ್ಚರಿಕೆ ವ್ಯವಸ್ಥೆಗೆ ಅವು ಕಾಣುವುದೇ ಇಲ್ಲ. 2009ರ ಆರ್‌ಎಫ್‌ಸಿ 5424 ಪೂರ್ಣ ಇಸವಿಯನ್ನೂ ಕಾಲವಲಯವನ್ನೂ ಸೇರಿಸಿದೆ. ಆ ರೂಪಕ್ಕೆ ಬದಲಾಯಿಸಲು ಆಗುವ ಸಾಧನಗಳನ್ನೆಲ್ಲ ಬದಲಾಯಿಸುವುದು ಒಳ್ಳೆಯದು.

ಅಧಿಕ ವರ್ಷದ 366ನೆಯ ದಿನ ಇನ್ನೊಂದು ಪರಿಚಿತ ಗುಂಡಿ. 2008ರ ಡಿಸೆಂಬರ್ 31ರಂದು ಮೈಕ್ರೋಸಾಫ್ಟ್‌ನ 30 ಗಿಗಾಬೈಟ್ ಝೂನ್ ಸಂಗೀತ ಸಾಧನಗಳು ದಿನಗಳನ್ನು ಇಸವಿಗೆ ಪರಿವರ್ತಿಸುವ ಲೂಪ್‌ನಿಂದ ಹೊರಬರಲಾರದೆ ಸ್ತಬ್ಧವಾದವು; ಬ್ಯಾಟರಿ ಬರಿದಾಗಲು ಬಿಟ್ಟು, ಮರುದಿನ ಮತ್ತೆ ಚಾಲೂ ಮಾಡುವುದೇ ಪರಿಹಾರವಾಗಿತ್ತು.

ಇಂಥ ದಿನ ವ್ಯವಸ್ಥೆ ಕೈಕೊಟ್ಟಾಗ ಹಲವರಿಗೆ ಮೊದಲು ಹೊಳೆಯುವ ಉಪಾಯ ಸರ್ವರ್‌ನ ಗಡಿಯಾರವನ್ನು ಹಿಂದಿನ ದಿನಕ್ಕೆ ತಿರುಗಿಸುವುದು. ಒಂಟಿಯಾಗಿ ನಿಂತ ಯಂತ್ರವಾದರೆ ಅದು ಕೆಲಸ ಮಾಡೀತು. ಜಾಲದಲ್ಲಿರುವ ಸರ್ವರ್‌ನಲ್ಲಿ ಹಾಗೆ ಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಜಾಲದಲ್ಲಿ ಬಳಕೆದಾರರನ್ನು ಗುರುತಿಸುವ ಕರ್ಬರಾಸ್ ದೃಢೀಕರಣ ಪೂರ್ವನಿಯೋಜಿತವಾಗಿ ಐದು ನಿಮಿಷಕ್ಕಿಂತ ಹೆಚ್ಚಿನ ವ್ಯತ್ಯಾಸವನ್ನು ಒಪ್ಪುವುದಿಲ್ಲ. ಸಮಯವನ್ನು ಆಧರಿಸಿದ ಒನ್‌ಟೈಮ್ ಪಾಸ್‌ವರ್ಡ್‌ಗಳು ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಬದಲಾಗುತ್ತವೆ. ಅಂದೇ ಜಾರಿಗೆ ಬಂದ, ಸರ್ವರ್‌ನ ಗುರುತನ್ನು ಸಾಬೀತುಪಡಿಸುವ ಡಿಜಿಟಲ್ ಪ್ರಮಾಣಪತ್ರಗಳು ಇನ್ನೂ ಆರಂಭವಾಗಿಲ್ಲವೆಂದು ತಿರಸ್ಕೃತವಾಗುತ್ತವೆ. ರಾತ್ರಿ ಒಮ್ಮೆ ಓಡಿದ ಕೆಲಸಗಳು ಮತ್ತೊಮ್ಮೆ ಓಡಬಹುದು. ಒಂದು ದೋಷವಿದ್ದಲ್ಲಿ ಐದಾಗುತ್ತವೆ, ಮೂಲ ದೋಷದ ಕುರುಹೂ ಅಳಿಸುತ್ತದೆ. ಕೆಟ್ಟ ಘಟಕವನ್ನು ಮಾತ್ರ ಬದಿಗಿಡುವುದು ಮೇಲು. ಎಕ್ಸ್‌ಚೇಂಜ್ ಪ್ರಕರಣದಲ್ಲಿ ಅನೇಕ ನಿರ್ವಾಹಕರು ವೈರಸ್ ತಪಾಸಣೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿ ಇಮೇಲ್ ಹರಿಯಲು ಬಿಟ್ಟರು. ಅದರಲ್ಲಿ ಅಪಾಯವಿತ್ತು, ಆದರೆ ಅದು ಅಳತೆಗೆ ಸಿಗುವ ಅಪಾಯ.

32 ಬಿಟ್‌ನ ಚಿಹ್ನೆಸಹಿತ ಪೂರ್ಣಾಂಕದಲ್ಲಿ 1970ರ ಆರಂಭದಿಂದ ಸೆಕೆಂಡುಗಳನ್ನು ಎಣಿಸುವ ವ್ಯವಸ್ಥೆಗಳ ಎಣಿಕೆ 2038ರ ಜನವರಿ 19ರಂದು, ವಿಶ್ವ ಪ್ರಮಾಣ ಸಮಯದ (ಯುಟಿಸಿ) ಪ್ರಕಾರ 03:14:07ಕ್ಕೆ ಮುಗಿಯುತ್ತದೆ. ಅದು ದೂರದ ಮಾತೆಂದು ಬಿಡುವಂತಿಲ್ಲ. 2018ರ ಜನವರಿ 19ರ ನಂತರ ಕೊಟ್ಟ, 20 ವರ್ಷ ಅವಧಿಯ ಪ್ರತಿ ಪ್ರಮಾಣಪತ್ರದ ಮುಕ್ತಾಯವೂ ಈಗಾಗಲೇ ಆ ಗೆರೆಯ ಆಚೆಗಿದೆ. ಲಿನಕ್ಸ್ ಕರ್ನಲ್ 2020ರ 5.6 ಆವೃತ್ತಿಯಿಂದ 32 ಬಿಟ್ ಯಂತ್ರಗಳಲ್ಲೂ ಇದಕ್ಕೆ ಸಿದ್ಧವಾಗಿದೆ, ಆದರೆ ಮೈಎಸ್‌ಕ್ಯುಎಲ್ ದತ್ತಸಂಚಯದ ಟೈಮ್‌ಸ್ಟ್ಯಾಂಪ್ ಅಂಕಣದ ವ್ಯಾಪ್ತಿ ಅದೇ ದಿನಕ್ಕೆ ನಿಲ್ಲುತ್ತದೆ. ಭವಿಷ್ಯದ ದಿನಾಂಕಗಳನ್ನು ಇಡುವ ಅಂಕಣಗಳನ್ನು ಡೇಟ್‌ಟೈಮ್ ಮಾದರಿಗೆ ಈಗಲೇ ಬದಲಾಯಿಸಬಹುದು.

ಪರೀಕ್ಷೆಗೆ ಸೂಕ್ತ ಕಾಲ ನವೆಂಬರ್. ಡಿಸೆಂಬರ್‌ನ ಕೊನೆಯ ವಾರಗಳಲ್ಲಿ ಬದಲಾವಣೆಗಳನ್ನು ತಡೆಹಿಡಿಯುವ ರೂಢಿ ಸರಿಯಾದದ್ದೇ, ಆದರೆ ಆ ಹೊತ್ತಿಗೆ ಸಿಕ್ಕ ದೋಷವನ್ನು ತಿದ್ದಲು ಅನುಮತಿಯೂ ಇರುವುದಿಲ್ಲ, ತಿದ್ದುವವರೂ ರಜೆಯಲ್ಲಿರುತ್ತಾರೆ. ಉಳಿದ ಜಾಲದಿಂದ ಪೂರ್ತಿ ಬೇರ್ಪಡಿಸಿದ ವರ್ಚುವಲ್ ಯಂತ್ರದಲ್ಲಿ ಸಮಯ ಹೊಂದಾಣಿಕೆಯನ್ನು ನಿಲ್ಲಿಸಿ ಗಡಿಯಾರವನ್ನು ಮುಂದೆ ತಳ್ಳಬೇಕು. ಬೇರ್ಪಡಿಸದಿದ್ದರೆ ಮುಂದಿನ ವರ್ಷದ ದಿನಾಂಕ ಹೊತ್ತ ದಾಖಲೆಗಳು ನಿಜವಾದ ದತ್ತಸಂಚಯದೊಳಗೆ ನುಸುಳುತ್ತವೆ. ಲಿನಕ್ಸ್‌ನಲ್ಲಿ ಒಂದೇ ಪ್ರೋಗ್ರಾಂ ಸಾಕಾದರೆ, ಅದಕ್ಕೆ ಮಾತ್ರ ಬೇರೆ ಸಮಯ ತೋರಿಸುವ ಲಿಬ್‌ಫೇಕ್‌ಟೈಮ್ ಇದೆ. ಗಡಿಯಾರವನ್ನು ಮೊದಲು ಡಿಸೆಂಬರ್ 29ಕ್ಕೆ ಇಟ್ಟು ಬ್ಯಾಕಪ್ ಓಡಿಸಿ ಕಡತದ ಹೆಸರು ನೋಡಿ. ಬಳಿಕ 31ರ ರಾತ್ರಿ 11 ಗಂಟೆ 55 ನಿಮಿಷಕ್ಕೆ ಇಟ್ಟು ಯಂತ್ರ ತಾನಾಗಿ ಮಧ್ಯರಾತ್ರಿ ದಾಟಲು ಬಿಡಿ, ಏಕೆಂದರೆ ನೇರವಾಗಿ ಜನವರಿ 1ಕ್ಕೆ ಹಾರಿದರೆ ದಾಟುವಾಗಿನ ದೋಷಗಳು ಕಾಣುವುದಿಲ್ಲ. ಕೊನೆಯದಾಗಿ ವರ್ಷದ ಮೊದಲ ಕೆಲಸದ ದಿನಕ್ಕೆ ಇಟ್ಟು, ವರ್ಷಾಂತ್ಯದ ವರದಿಗಳನ್ನೂ ತಿಂಗಳ ಆರಂಭದ ಬ್ಯಾಚ್ ಕೆಲಸಗಳನ್ನೂ ಪೂರ್ತಿ ಓಡಿಸಿ.